ಬೇಡ ಅನ್ನುವ ಅಧ್ಯಾಯ

“ನಿಮ್ಮ ಮಾರಾಟ ಪ್ರಸ್ತಾವನೆಯನ್ನು ಊರ್ಜಿತಗೊಳಿಸಲು ಸದರಿ ಗವಾಕ್ಷಿಯನ್ನು ಒತ್ತಿರಿ” ಎಂದು ಶಿವರಂಜನಿ ಗಟ್ಟಿಯಾಗಿ ಓದಿದಳು. ಚಳ್ಳಕೆರೆ ಮಾರುಕಟ್ಟೆಯ ಆ ದಲ್ಲಾಲಿ ಅಂಗಡಿಯಲ್ಲಿ ಕೂತಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಾದಿಯ ಮೇಲಿದ್ದ ಅವಳ ಮಾವ ಜಂಬುಲಿಂಗಪ್ಪ ಕನ್ನಡಕ ತೆಗೆದು ಕೇಳಿದರು. “ಇದು ಯಾವ ಭಾಷೆನಮ್ಮ?”

“ಕನ್ನಡಾನೇ ಮಾವ.”

“ಯಾರ ಮನೇದು?”

ಎಲ್ಲರೂ ನಕ್ಕರು. ಶಿವರಂಜನಿಗೂ ನಗು ಬಂತು, ಆದರೆ ಒಳಗೊಳಗೇ ಕಸಿವಿಸಿಯೂ ಆಯಿತು. ಎಂ.ಎ. ಕನ್ನಡ ಓದಿ, ಕಾಲೇಜಿನಲ್ಲಿ ನಾಲ್ಕಾರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳಿದ್ದ ಅವಳಿಗೇ ಆ ಸಾಲು ತಲೆಗೆ ಹತ್ತಿರಲಿಲ್ಲ.

ಅವಳ ಕೈಯಲ್ಲಿದ್ದದ್ದು ‘ಧಾರಣೆ’ ಎಂಬ ವ್ಯಾಪಾರದ ಸಾಫ್ಟ್‌ವೇರಿನ ಕೈಪಿಡಿ. ಮೊದಲೆಲ್ಲ ಖರೀದಿದಾರರು ಶೇಂಗಾ ರಾಶಿಗಳ ನಡುವೆ ಓಡಾಡಿ, ನಾಲ್ಕು ಕಾಯಿ ಒಡೆದು ನೋಡಿ, ಚೀಟಿಯಲ್ಲಿ ರೇಟು ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು, ಅದೇ ಟೆಂಡರ್. ಈಗ ಅದೇ ರೇಟನ್ನು ಫೋನಿನಲ್ಲಿ ಒತ್ತಬೇಕು. ಯಾರದು ಹೆಚ್ಚೋ ಅದು ರೈತನ ಫೋನಿಗೆ ಬರುತ್ತದೆ. ವರ್ತಕರ ಸಂಘದವರು ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಿಂದ ಇದನ್ನು ತರಿಸಿದ್ದರು. ತರಿಸಿದ ಮೇಲೆ ಮಾರುಕಟ್ಟೆಯಲ್ಲಿ ಒಂದೇ ಗೋಳು. ಫೋನು ಕುಂಯ್ ಅನ್ನುತ್ತದೆ, ಅದರಲ್ಲಿ ಏನು ಬಂತೆಂದು ತಿಳಿಯುವುದಿಲ್ಲ. ಮಧ್ಯಾಹ್ನದ ಹೊತ್ತು ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಶಿವರಂಜನಿಯ ಎದುರು ಫೋನು ಹಿಡಿದವರ ಸಾಲು ಹೊರಗಿನ ಕಟ್ಟೆಯವರೆಗೂ ಬೆಳೆಯುತ್ತಿತ್ತು.

ತಿಳಿಸಿ ಹೇಳುವುದು ಅವಳಿಗೆ ಹೊಸದಲ್ಲ. ಮೊಳಕಾಲ್ಮೂರಿನಲ್ಲಿ ಅವಳ ಅಪ್ಪನದು ಹೊಲಿಗೆ ಯಂತ್ರದ ಅಂಗಡಿ. ಯಂತ್ರದ ಜೊತೆ ಬರುತ್ತಿದ್ದ ಇಂಗ್ಲಿಷ್ ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ. ಹೈಸ್ಕೂಲಿನ ಹುಡುಗಿ ರಂಜನಿಯೇ ದಾರ ಎಲ್ಲಿಂದ ಹೊರಟು ಎಲ್ಲಿ ಬಳಸಿ ಸೂಜಿಗೆ ಬರಬೇಕೆಂದು ತೋರಿಸುತ್ತಿದ್ದಳು. ತಾನು ತೋರಿಸಿದರೆ ಸಾಲದು, ಕೊಂಡವರೇ ಒಮ್ಮೆ ದಾರ ಏರಿಸಿ ಒಂದು ಗೆರೆ ಹೊಲಿಯಬೇಕು, ಅಲ್ಲಿಯವರೆಗೆ ಯಂತ್ರವನ್ನು ಗಾಡಿಗೆ ಏರಿಸಲು ಬಿಡುತ್ತಿರಲಿಲ್ಲ. “ನಿನ್ ಮಗಳದು ಬಲೇ ಹಟ ಕಣಪ್ಪ” ಎಂದು ಗಿರಾಕಿಗಳು ಅಪ್ಪನಿಗೆ ಹೇಳಿ ಹೋಗುತ್ತಿದ್ದರು.

ಮರುವಾರ ತರಬೇತಿ ಕೊಡಲೆಂದು ಕಂಪನಿಯಿಂದ ದೀಪಿಕಾ ಎಂಬ ಹುಡುಗಿ ಬಂದಳು. ಚುರುಕಿನವಳು, ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ಶಿವರಂಜನಿ ಕೈಪಿಡಿಯನ್ನು ಮುಂದಿಟ್ಟು, “ಇದನ್ನ ಯಾರು ಬರೆದಿದ್ದು?” ಎಂದು ಕೇಳಿದಾಗ ಅವಳು ಗಲ್ಲ ಕೆರೆದುಕೊಂಡಳು.

“ಯಾರೂ ಬರದಿಲ್ರಿ ಮೇಡಂ. ಕಂಪ್ಯೂಟರಿಗೆ ಹಾಕಿ ಇಂಗ್ಲಿಷ್‌ನಿಂದ ಕನ್ನಡಾ ಮಾಡಿಸಿದ್ವಿ. ಓದಿ ಸುದ್ದಾ ನೋಡಿಲ್ರಿ.”

ಅರ್ಧ ದಿನ ಶಿವರಂಜನಿಯ ಪಕ್ಕದಲ್ಲಿ ಕೂತು, ಅವಳು ಒಬ್ಬೊಬ್ಬರಿಗೂ ಹೇಳುತ್ತಿದ್ದ ರೀತಿಯನ್ನು ನೋಡಿದ ಮೇಲೆ ದೀಪಿಕಾ ತಾನಾಗಿಯೇ ಅಂದಳು. “ನೀವೇ ಒಂದು ಪುಸ್ತಕ ಬರದು ಕೊಡ್ರಿ. ಏನೂ ಗೊತ್ತಿಲ್ಲದವರು ಓದಿದ್ರೂ ತಿಳೀಬೇಕು. ನಿಮ್ಮ ಹೆಸರಲ್ಲೇ ಅಚ್ಚು ಹಾಕ್ತೀವಿ.”

ಅಂದು ಮನೆಗೆ ಹೋಗುವಾಗ ಶಿವರಂಜನಿಯ ನಡಿಗೆಯೇ ಬೇರೆಯಾಗಿತ್ತು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಯಾರೋ ಅವಳಿಂದ ಬರವಣಿಗೆ ಕೇಳಿದ್ದರು. ಗಂಡ ಅಮರೇಶ್, “ಬರಿ, ಅಡುಗೆ ಕಡೆ ನಾನ್ ನೋಡ್ಕೊಂತೀನಿ” ಎಂದ. ಅವನ ಅಡುಗೆ ಉಪ್ಪಿಟ್ಟಿನಿಂದ ಮುಂದೆ ಹೋಗುತ್ತಿರಲಿಲ್ಲ. ಮನೆಯವರೆಲ್ಲ ಉಪ್ಪಿಟ್ಟು ತಿಂದುಕೊಂಡೇ ಇದ್ದರು, ಅವಳು ಬರೆದಳು. ಮೊದಲ ಅಧ್ಯಾಯ ‘ತಂತ್ರಾಂಶ ಎಂದರೇನು?’ ಎರಡನೆಯದು ‘ಅಂತರ್ಜಾಲ ವ್ಯಾಪಾರದ ಸ್ವರೂಪ’. ಕಾಗುಣಿತದ ತಪ್ಪಿರಲಿಲ್ಲ, ವಾಕ್ಯಗಳು ನೆಟ್ಟಗಿದ್ದವು. ತನಗೇ ಮೆಚ್ಚುಗೆಯಾಯಿತು.

ಅದನ್ನು ಅವಳು ಮೊದಲು ಓದಲು ಕೊಟ್ಟದ್ದು ಕೆಂಚಕ್ಕನಿಗೆ. ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಕೆಂಚಕ್ಕ ತನ್ನ ಹೊಲದ ಶೇಂಗಾವನ್ನು ತಾನೇ ಲಗೇಜು ಆಟೋದಲ್ಲಿ ಹಾಕಿಸಿಕೊಂಡು ಬಂದು ಜಂಬುಲಿಂಗಪ್ಪನವರ ಅಂಗಡಿಯಲ್ಲೇ ಮಾರುತ್ತಿದ್ದಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಕನ್ನಡ, ತೆಲುಗು ಎರಡರಲ್ಲೂ ಯಾರನ್ನು ಬೇಕಾದರೂ ದಬಾಯಿಸುವ ಬಾಯಿ ಇತ್ತು.

ಕೆಂಚಕ್ಕ ಶೇಂಗಾ ಚೀಲಕ್ಕೆ ಒರಗಿ, ಅಕ್ಷರದ ಕೆಳಗೆ ಬೆರಳಿಟ್ಟು, ಮೊದಲ ಪುಟವನ್ನು ನಿಧಾನವಾಗಿ ಮುಗಿಸಿದಳು. ಎರಡನೇ ಪುಟವನ್ನೂ ನೋಡಿದಳು. ಮೂರನೆಯದನ್ನು ತಿರುವಿ ಹಿಂದೆ ಮುಂದೆ ಹುಡುಕಿದಳು.

“ಏನ್ ಹುಡುಕ್ತಿದೀರಿ ಕೆಂಚಕ್ಕ?”

“ಎಲ್ಲಾ ಚೆಂದಾಗೈತೆ ತಾಯಿ. ಇದರಾಗೆ ನನ್ ಶೇಂಗಾ ಎಲ್ಲೈತೆ?”

ಶಿವರಂಜನಿ ಹಾಳೆಗಳನ್ನು ವಾಪಸು ತೆಗೆದುಕೊಂಡು ತಾನೇ ನೋಡಿದಳು. ಹನ್ನೆರಡು ಪುಟಗಳಲ್ಲಿ ಶೇಂಗಾ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಮುಖ ಬಿಸಿಯಾಯಿತು, ಸ್ವಲ್ಪ ಹೊತ್ತಿಗೆ ನಗು ಉಕ್ಕಿತು. ಬರೆದದ್ದನ್ನೆಲ್ಲ ಮಡಚಿ ಬದಿಗಿಟ್ಟಳು.

ಮಾರನೆಯ ಬೆಳಿಗ್ಗೆ ಮಾರುಕಟ್ಟೆಯ ಗೇಟಿನ ಹತ್ತಿರ ಹೋಗಿ ನಿಂತಳು. ಗಾಡಿ ಒಳಗೆ ಬರುವಾಗ ಏನಾಗುತ್ತದೆ, ಚೀಲ ಎಲ್ಲಿ ಇಳಿಯುತ್ತದೆ, ರೈತ ಫೋನನ್ನು ಯಾವಾಗ ಜೇಬಿನಿಂದ ತೆಗೆಯುತ್ತಾನೆ, ತೆಗೆದು ಮೊದಲು ಏನನ್ನು ನೋಡುತ್ತಾನೆ ಎಲ್ಲವನ್ನೂ ನೋಡುತ್ತ ಹೋದಳು. ಹೊಸ ಪುಸ್ತಕ ಹೀಗೆ ಶುರುವಾಯಿತು: “ನಿಮ್ಮ ಶೇಂಗಾ ಗೇಟಿನೊಳಗೆ ಬಂತು. ಈಗ ನಿಮ್ಮ ಫೋನಿಗೆ ಒಂದು ನಂಬರು ಬರುತ್ತದೆ. ಇವತ್ತು ಸಂಜೆಯವರೆಗೆ ನಿಮ್ಮ ರಾಶಿಗೆ ಅದೇ ಹೆಸರು. ಅದನ್ನು ಯಾರಿಗೂ ಕೊಡಬೇಡಿ, ಅಳಿಸಬೇಡಿ.” ಆಮೇಲೆ ಬರವಣಿಗೆ ತಾನಾಗಿಯೇ ಓಡಿತು. ಪಾಸ್‌ವರ್ಡಿಗೆ ‘ನಿಮ್ಮ ಬೀಗದ ಕೈ’ ಎಂದು ಬರೆದಳು. ಜನ ಬಾಯಲ್ಲಿ ಆಡುತ್ತಿದ್ದ ಟೆಂಡರ್, ಲಾಟು, ಮೆಸೇಜು ಇವನ್ನೆಲ್ಲ ಹಾಗೆಯೇ ಉಳಿಸಿಕೊಂಡಳು. ಪ್ರತಿ ಪುಟವನ್ನೂ ಅಂಗಡಿಗೆ ಬಂದ ಯಾರಿಗಾದರೂ ಓದಲು ಕೊಟ್ಟು, ಅವರ ಬೆರಳು ಎಲ್ಲಿ ನಿಲ್ಲುತ್ತದೋ ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆದಳು.

ಹಾಗೆ ಒಂದೊಂದೇ ಗುಂಡಿಯನ್ನು ಒತ್ತಿ ಪರೀಕ್ಷಿಸುತ್ತಿದ್ದಾಗ ಕೆಳಮೂಲೆಯ ಕೆಂಪು ಗುಂಡಿಗೆ ಬಂದಳು. ‘ಅಸಮ್ಮತಿ ಸೂಚಿಸಿ’ ಎಂದಿತ್ತು. ಬಂದ ರೇಟು ಒಪ್ಪಿಗೆಯಾಗದಿದ್ದರೆ ರೈತ ಮಧ್ಯಾಹ್ನ ಮೂರರೊಳಗೆ ಅದನ್ನು ಒತ್ತಬಹುದು. ಒತ್ತಿದರೆ ರಾಶಿ ಮರುದಿನ ಮತ್ತೆ ಟೆಂಡರಿಗೆ ಬರುತ್ತದೆ. ಒತ್ತದೆ ಸುಮ್ಮನಿದ್ದರೆ ಒಪ್ಪಿದಂತೆ. ಸಾಫ್ಟ್‌ವೇರು ಬಂದಾಗಿನಿಂದ ಆ ಗುಂಡಿಯನ್ನು ಮುಟ್ಟಿದವರನ್ನು ಅವಳು ನೋಡಿರಲಿಲ್ಲ. ಎಲ್ಲರೂ ಸುಮ್ಮನಿದ್ದರು, ಎಲ್ಲರೂ ಒಪ್ಪಿದವರಾಗುತ್ತಿದ್ದರು. ಅದೊಂದಕ್ಕೇ ಅವಳು ಒಂದು ಇಡೀ ಅಧ್ಯಾಯ ಬರೆದಳು. ಹೆಸರು ‘ಬೇಡ ಅನ್ನಬಹುದು’.

ಜಂಬುಲಿಂಗಪ್ಪನವರು ಸೊಸೆಯ ಬರಹವನ್ನು ಊಟದ ನಂತರ ಓದಿದರು. ಅಲ್ಲಲ್ಲಿ ತಲೆದೂಗಿದರು. ಆ ಅಧ್ಯಾಯಕ್ಕೆ ಬಂದಾಗ ಹಾಳೆ ಮಡಿಲಲ್ಲಿಟ್ಟರು.

“ಬಲು ಚೆನ್ನಾಗಿ ಬರ್ದೀಯ ರಂಜನಿ. ಇದೊಂದು ಮಾತ್ರ ಬಿಟ್ಬಿಡು.”

“ಯಾಕ್ ಮಾವ?”

“ಖರೀದಿ ಮಾಡೋರು ದಿನಾ ಬೆಳಗಾದ್ರೆ ನಮ್ ಮುಂದೆ ಬರೋ ಜನ. ನಮ್ ಅಂಗಡಿ ರಾಶಿಗೆ ರೇಟ್ ಹಾಕಿದ್ರೆ ರೈತ್ರು ಬೇಡ ಅಂತಾರೆ ಅಂದ್ರೆ ಅವ್ರು ಪಕ್ಕದ ಅಂಗಡಿಗೆ ಹೋಗ್ತಾರೆ. ಮೂವತ್ತು ವರ್ಷದ ವಿಶ್ವಾಸ ಕಣಮ್ಮಾ ಇದು.”

ಅವರದು ದುರಾಸೆಯ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ಕಷ್ಟವಾಯಿತು. “ಗುಂಡಿ ಐತೆ ಮಾವ. ಇರೋದನ್ನ ಮುಚ್ಚಿಟ್ಟು ಬರೆದ್ರೆ ನನ್ನ ನಂಬಿ ಓದೋರಿಗೆ ಏನ್ ಹೇಳ್ಲಿ?” ಎಂದಷ್ಟೇ ಹೇಳಿದಳು. ಮಾವ ಹಾಳೆ ಮಡಚಿ ವಾಪಸು ಕೊಟ್ಟರು. ಮನೆಯಲ್ಲಿ ಅವರಿಬ್ಬರ ನಡುವೆ ಮಾತು ಕಡಿಮೆಯಾಯಿತು. ಬೇಕಾದ್ದನ್ನು ಅತ್ತೆ ಸುಲೋಚನಮ್ಮನ ಮೂಲಕ ಹೇಳಿ ಕಳಿಸುತ್ತಿದ್ದರು.

ಸುದ್ದಿ ಸಂಘಕ್ಕೂ ಮುಟ್ಟಿತು. ಅವಳನ್ನು ಸಭೆಗೆ ಕರೆದರು. ದೀಪಿಕಾಳನ್ನು ಬಿಟ್ಟರೆ ಸಭೆಯಲ್ಲಿ ಅವಳೊಬ್ಬಳೇ ಹೆಂಗಸು. ಹಿಂದಿನ ಸಾಲಿನಲ್ಲಿ ಮಾವ ಕೈಕಟ್ಟಿ ಕೂತಿದ್ದರು. ಅಧ್ಯಾಯವನ್ನು ಬಿಡಬೇಕೆಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಶಿವರಂಜನಿ ಎಲ್ಲರ ಮಾತನ್ನೂ ಕೇಳಿ ಎದ್ದು ನಿಂತಳು. ದನಿ ತರಗತಿಯಲ್ಲಿ ಇರುತ್ತಿದ್ದ ಹಾಗೆಯೇ ಇತ್ತು.

“ಆ ಗುಂಡಿ ಸಾಫ್ಟ್‌ವೇರಿನಾಗೆ ಇಲ್ಲ ಅಂತ ತಾವು ಯಾರಾದ್ರೂ ಒಬ್ರು ಹೇಳ್ರಿ. ಇಲ್ಲೇ ಹರಿದು ಹಾಕ್ತೀನಿ.”

ಹುಬ್ಬಳ್ಳಿಯಿಂದ ಬಂದು ಮೂಲೆಯಲ್ಲಿ ಕೂತಿದ್ದ ದೀಪಿಕಾ, “ಅಚ್ಚು ಹಾಕೋದು ಕಂಪನಿ ಕೆಲಸಾರಿ. ನಾವು ಪೂರ್ತಿ ಪುಸ್ತಕಾನೇ ಹಾಕ್ತೀವಿ” ಎಂದಳು. ಅಧ್ಯಕ್ಷರು ಗಡಿಯಾರ ನೋಡಿದರು. ಸಭೆ ಚಹಾದೊಂದಿಗೆ ಮುಗಿಯಿತು, ಅಧ್ಯಾಯ ಉಳಿಯಿತು.

ಹೊಸ ಶೇಂಗಾ ಮಾರುಕಟ್ಟೆಗೆ ಬರುವ ಹೊತ್ತಿಗೆ ಪುಸ್ತಕವೂ ಬಂತು. ಜೇಬಿನಲ್ಲಿ ಹಿಡಿಯುವಷ್ಟು ಅಳತೆ, ದಪ್ಪ ಅಕ್ಷರ. ಮೊದಲ ಪ್ರತಿಯನ್ನು ಕೆಂಚಕ್ಕ ಒಯ್ದಳು. ಮುಂದಿನ ಸಲ ರಾಶಿ ತಂದಾಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು.

ಅಂದು ಅವಳ ರಾಶಿಗೆ ಬಂದ ರೇಟು ಪಕ್ಕದ ರಾಶಿಗಿಂತ ತೀರ ಕಡಿಮೆಯಿತ್ತು. ಕಾಯಿ ಒಂದೇ ತರಹ, ಒಣಗಿದ್ದೂ ಒಂದೇ ತರಹ. ಶಿವರಂಜನಿ ಕಂಪ್ಯೂಟರಿನಲ್ಲಿ ಅದನ್ನು ಕಂಡಳು. ಎದ್ದು ಹೋಗಿ ಹೇಳಿಬಿಡಬೇಕೆಂದು ಮನಸ್ಸು ತುಡಿಯಿತು. ಆದರೂ ಕೂತೇ ಇದ್ದಳು. ಕೆಂಚಕ್ಕ ಕಟ್ಟೆಯ ಮೇಲೆ ಪುಸ್ತಕ ಬಿಡಿಸಿಟ್ಟುಕೊಂಡು, ಒಂದು ಕಣ್ಣು ಪುಟದ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒತ್ತಿದಳು.

ಕಂಪ್ಯೂಟರಿನ ಪರದೆಯಲ್ಲಿ ಕೆಂಚಕ್ಕನ ರಾಶಿಯ ನಂಬರು ಕೆಂಪಾಯಿತು.

ಸ್ವಲ್ಪ ಹೊತ್ತಿಗೆಲ್ಲ ಎಣ್ಣೆ ಮಿಲ್ಲೊಂದಕ್ಕೆ ಖರೀದಿ ಮಾಡುವ ಪಾತಣ್ಣ ದಡದಡ ಅಂಗಡಿಗೆ ಬಂದ. “ಏನ್ ಸಾವ್ಕಾರ್ರೆ ಇದು? ನಾನ್ ಹಾಕಿದ ರೇಟು ಬೇಡ ಅಂತ ಬಂದೈತೆ. ನಿಮ್ ಅಂಗಡ್ಯಾಗೆ ಹಿಂಗೆ ಯಾವತ್ತಾದ್ರೂ ಆಗಿತ್ತಾ?”

ಅಂಗಡಿಯಲ್ಲಿದ್ದವರೆಲ್ಲ ಜಂಬುಲಿಂಗಪ್ಪನವರ ಕಡೆ ತಿರುಗಿದರು. ಕೆಂಚಕ್ಕನೂ ಕಟ್ಟೆಯಿಂದ ನೋಡುತ್ತಿದ್ದಳು. ಅವರು ಎದ್ದು ಕೆಂಚಕ್ಕನ ರಾಶಿಯ ಬಳಿ ಹೋದರು. ಒಂದು ಹಿಡಿ ಎತ್ತಿ, ಎರಡು ಕಾಯಿ ಒಡೆದು, ಬೀಜವನ್ನು ಅಂಗೈಯಲ್ಲಿ ಉಜ್ಜಿ ಊದಿದರು. ಪಕ್ಕದ ರಾಶಿಯಿಂದಲೂ ಹಾಗೆಯೇ ಮಾಡಿದರು. ಎರಡನ್ನೂ ಪಾತಣ್ಣನ ಕೈಗೆ ಹಾಕಿದರು.

“ಇದರಾಗೆ ಯಾವುದು ಯಾರದು, ಹೇಳು ನೋಡಾನ.”

ಪಾತಣ್ಣ ಬೀಜಗಳನ್ನು ಅಂಗೈಯಲ್ಲಿ ತಿರುವಿ ತಿರುವಿ ನೋಡಿದ.

“ಶೇಂಗಾ ಅವಳದು ಪಾತಣ್ಣ. ಬೇಡ ಅಂದವಳೆ. ಬೇಕಂದ್ರೆ ನಾಳೆ ಸರಿಯಾಗಿ ಹಾಕು. ಬೇಸರ ಯಾಕೆ, ಬಾ, ಚಾ ಕುಡಿ.”

ಪಾತಣ್ಣ ಗೊಣಗಿಕೊಂಡೇ ಚಹಾ ಕುಡಿದ. ಕೆಂಚಕ್ಕ ಆ ದಿನ ಊರಿಗೆ ಹೋಗದೆ ಚಳ್ಳಕೆರೆಯ ತನ್ನ ನಾದಿನಿಯ ಮನೆಯಲ್ಲಿ ಉಳಿದಳು. ಮರುದಿನ ಟೆಂಡರಿನಲ್ಲಿ ಅವಳ ರಾಶಿಗೆ ಹಿಂದಿನ ದಿನ ಪಕ್ಕದ ರಾಶಿಗೆ ಬಂದದ್ದನ್ನೂ ಮೀರಿಸಿದ ರೇಟು ಬಂತು. ಹಾಕಿದವನು ಪಾತಣ್ಣನೇ. ಹಮಾಲರು ಚೀಲ ಹೊರುತ್ತಲೇ ಸುದ್ದಿಯನ್ನು ಮಾರುಕಟ್ಟೆಯ ಆ ತುದಿಗೂ ಮುಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಶಿವರಂಜನಿಯ ಮೇಜಿನ ಮೇಲಿದ್ದ ಪುಸ್ತಕಗಳೆಲ್ಲ ಖಾಲಿ.

ಅಂದು ಊಟಕ್ಕೆ ಕೂತಾಗ ಜಂಬುಲಿಂಗಪ್ಪ ಸೊಸೆಯ ಕಡೆ ನೇರವಾಗಿ ನೋಡಿ ಮಾತಾಡಿದರು. “ಅದರಾಗೆ ಒಂದು ಬಿಟ್ಟೀಯ ನೋಡು. ಬೇಡ ಅನ್ನೋಕೆ ಮುಂಚೆ ಪಕ್ಕದ ರಾಶಿ ಕಾಯಿ ಒಡೆದು ನೋಡ್ಬೇಕು. ಅದನ್ನೂ ಸೇರ್ಸು.”

“ನೀವು ಹೇಳ್ರಿ ಮಾವ, ಬರ್ಕೊಂತೀನಿ.”

ಎರಡನೇ ಮುದ್ರಣದಲ್ಲಿ ಕಾಯಿ ನೋಡುವ ಬಗೆಯ ಅಧ್ಯಾಯ ಸೇರಿತು. ಮಾವ ಹೇಳಿದ್ದು, ಸೊಸೆ ಬರೆದದ್ದು. ಹೋಗುತ್ತಾರೆಂದು ಹೆದರಿದ್ದ ಖರೀದಿದಾರರು ಎಲ್ಲಿಗೂ ಹೋಗಲಿಲ್ಲ. ನಾಯಕನಹಟ್ಟಿ ಕಡೆಯಿಂದ, ಬಿ.ಜಿ. ಕೆರೆಯಿಂದ ಹೊಸ ರೈತರು ‘ಬುಕ್ಕಿನ ಅಂಗಡಿ ಯಾವುದು’ ಎಂದು ಗೇಟಿನಲ್ಲಿ ಕೇಳಿಕೊಂಡು ಬಂದರು, ಒಳ್ಳೆಯ ರಾಶಿ ಇದ್ದಲ್ಲಿಗೆ ಖರೀದಿದಾರರೂ ಬಂದರು. ಕಂಪನಿಯವರು ಸಾಫ್ಟ್‌ವೇರಿನ ಕನ್ನಡವನ್ನೆಲ್ಲ ಶಿವರಂಜನಿಯ ಮಾತಿಗೆ ಬದಲಿಸಿದರು. ಕೆಂಪು ಗುಂಡಿಯ ಮೇಲೀಗ ‘ಬೇಡ’ ಎಂದಷ್ಟೇ ಇದೆ.

ಸಂಕ್ರಾಂತಿ ಕಳೆದ ಮೇಲೆ ಬಿ.ಜಿ. ಕೆರೆಯ ಹೆಂಗಸರ ಸಂಘದವರು ಪುಸ್ತಕ ಬರೆದವರನ್ನು ಕರೆಸಿದರು. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿತ್ತು. ಶಿವರಂಜನಿ ಭಾಷಣ ತಯಾರು ಮಾಡಿಕೊಂಡು ಹೋಗಿದ್ದಳು. ಆದರೆ ಅವಳು ಬಸ್ಸು ಇಳಿದು ಬರುವಷ್ಟರಲ್ಲಿ, ಸಿದ್ದಾಪುರದಿಂದ ಮೊದಲೇ ಬಂದಿದ್ದ ಕೆಂಚಕ್ಕ ನಡುವೆ ನಿಂತು ಶುರು ಮಾಡಿಬಿಟ್ಟಿದ್ದಳು. ಪುಸ್ತಕದ ಒಂದು ಸಾಲನ್ನು ಕನ್ನಡದಲ್ಲಿ ಓದುವುದು, ಹಿಂದೆ ಕೂತ ಮುದುಕಿಯರಿಗೆ ಅದನ್ನೇ ತೆಲುಗಿನಲ್ಲಿ ಹೇಳುವುದು, ಹೇಳಿ ಮುಗಿಸಿ “ಅರ್ಥಮಯ್ಯಿಂದಾ?” ಎಂದು ಕೇಳುವುದು. ಎಲ್ಲರೂ ಫೋನು ಕೈಯಲ್ಲಿ ಹಿಡಿದಿದ್ದರು.

“ಬರ್ರಿ ತಾಯಿ, ಕೂಡ್ರಿ” ಎಂದಳು ಕೆಂಚಕ್ಕ, ಪುಟದಿಂದ ಬೆರಳು ತೆಗೆಯದೆ. “ನಿಮ್ದು ಆಮ್ಯಾಲೆ. ಮೊದ್ಲು ನಂದು ಮುಗೀಲಿ.”

ಶಿವರಂಜನಿ ಭಾಷಣದ ಹಾಳೆಯನ್ನು ಚೀಲಕ್ಕೆ ಹಾಕಿ, ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು. ತನ್ನ ವಾಕ್ಯಗಳು ಇನ್ನೊಬ್ಬರ ಬಾಯಲ್ಲಿ ಅಷ್ಟು ಜೋರಾಗಿ, ಅಷ್ಟು ಸಲೀಸಾಗಿ ಹೊರಡುವುದನ್ನು ಕೇಳುತ್ತಾ ಅವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.