ನೀರು ಕೊಟ್ಟ ಬ್ಯಾಂಕು

ನನ್ನ ತವರೂರು ಹೆಮ್ಮಿಗೆಯಲ್ಲಿ ಅವ್ವ ಕರೆದು ಡೈರಿಗೆ ಹಾಕುವ ಹಾಲಿನ ದುಡ್ಡು ಮೊದಲಿನಿಂದಲೂ ಅಣ್ಣನ ಖಾತೆಗೆ ಹೋಗುತ್ತಿತ್ತು. ಅಣ್ಣ ಕೆಟ್ಟವನಲ್ಲ, ಕೇಳಿದರೆ ಕೊಡುತ್ತಿದ್ದ. ಆದರೆ ಕೇಳಬೇಕಿತ್ತಲ್ಲ! “ಎಲೆಅಡಿಕೆಗೂ ಮಗನ ಮುಂದೆ ಕೈ ಚಾಚ್ಬೇಕಾ? ನಂಗೇ ಅಂತ ಒಂದು ಖಾತೆ ಮಾಡ್ಸ್ಕೊಡು” ಎಂದು ಅವ್ವ ಒಂದು ದಿನ ನಂಜನಗೂಡಿನ ನನ್ನ ಮನೆಗೆ ಬಂದು ಕೂತಳು.

ಅದೇನು ಮಹಾ ಕೆಲಸ ಎಂದುಕೊಂಡು ನನ್ನ ಸಂಬಳ ಬರುವ ಬ್ಯಾಂಕಿಗೇ ಕರೆದುಕೊಂಡು ಹೋದೆ. ಗಾಜಿನ ಬಾಗಿಲು, ಎಸಿ, ಮೆತ್ತನೆಯ ಕುರ್ಚಿ. ಅವ್ವ ಕೂತವಳೇ “ವಸಿ ನೀರ್ ಕೊಡಪ್ಪ” ಎಂದಳು. ಮೇಜಿನ ಹಿಂದಿದ್ದವರು ತಲೆ ಎತ್ತದೆ, “ಹೊರಗಡೆ ಅಂಗಡೀಲಿ ಸಿಗುತ್ತೆ” ಎಂದರು. ಅವ್ವ ಸೆರಗು ಕೊಡವಿ ಎದ್ದೇಬಿಟ್ಟಳು.

ನನಗೆ ರೇಗಿತು. “ಬಾಯಾರಿದ್ರೆ ನನ್ನ ಬ್ಯಾಗಲ್ಲೇ ಬಾಟ್ಲಿ ಇತ್ತಲ್ಲವ್ವ!”

“ಬಾಯಾರಿಕೆ ಯಾರಿಗೆ? ಎಣ್ಣು ಕೊಡೋ ಮುಂಚೆ ಅವರ ಮನೇಲಿ ನೀರ್ ಕೇಳಿ ನೋಡಲ್ವಾ? ದುಡ್ಡೂ ಅಂಗೇಯ. ನೀರ್ ಕೊಡ್ದೋರು ನಾಳೆ ನನ್ ದುಡ್ಡ ನಂಗೆ ಕೊಟ್ಟಾರಾ?”

ನನ್ನನ್ನು ಕೊಡುವಾಗಲೂ ನಮ್ಮತ್ತೆಯ ಮನೆಯಲ್ಲಿ ಹೀಗೇ ನೀರು ಕೇಳಿದ್ದಳಂತೆ. ನನ್ನ ಬಾಳು ಚೆನ್ನಾಗಿಯೇ ಇದೆ, ಹಾಗಾಗಿ ಬ್ಯಾಗು ಹೆಗಲಿಗೇರಿಸಿ ಅವಳ ಹಿಂದೆಯೇ ಹೊರಟೆ.

ಮುಂದಿನ ವಾರ ಅವ್ವನ ಊರಿಗೆ ಹತ್ತಿರದ ತಿ. ನರಸೀಪುರದಲ್ಲಿ ಬ್ಯಾಂಕುಗಳನ್ನು ಸುತ್ತಿದೆವು. ಒಂದು ಕಡೆ ಸರ್ವರ್ ಇಲ್ಲ ಎಂದರು. ನೀರೂ ಇರಲಿಲ್ಲ. ಕೊನೆಗೆ ಪಾತ್ರೆ ಅಂಗಡಿಯ ಮೇಲಿನ ಪುಟ್ಟ ಸಹಕಾರಿ ಬ್ಯಾಂಕಿನ ಮೆಟ್ಟಿಲು ಹತ್ತಿದೆವು. ಫ್ಯಾನು ಕಿರ್ರೆನ್ನುತ್ತಿತ್ತು. ಅವ್ವ ನೀರು ಕೇಳಿದ್ದೇ ತಡ, ಕೌಂಟರಿನ ಹುಡುಗಿ ತನ್ನ ಬಾಟಲಿಯನ್ನೇ ಚಾಚಿ, “ತಗೊಳ್ರವ್ವ, ಬಿಸ್ಲಲ್ಲಿ ಬಂದಿದ್ದೀರಿ” ಎಂದಳು. ಅವ್ವ ಗಟಗಟನೆ ಕುಡಿದು ನನ್ನ ಕಡೆ ತಿರುಗಿದಳು. “ಆಯ್ತು ಕಣೆ, ಇದೇ ಮನೆ.”

ಆಧಾರ್, ಫೋಟೊ, ಸಹಿ ಎಲ್ಲ ಮುಗಿಸಿ ಬೆಂಚಿನ ಮೇಲೆ ಕಾದೆವು. ಪಾಸ್‌ಬುಕ್ ಸಿದ್ಧವಾದಾಗ ಆ ಹುಡುಗಿ ಅವ್ವನ ಹೆಸರು ಹಿಡಿದು ಜೋರಾಗಿ ಕೂಗಿದಳು. ಅವ್ವ ಅಲ್ಲಾಡಲಿಲ್ಲ. ಇನ್ಯಾರನ್ನೋ ಕರೆದರೆಂದು ಬಾಗಿಲ ಕಡೆ ನೋಡಿದಳು. ಮದುವೆಯಾದ ಮೇಲೆ ಊರಿಗೆಲ್ಲ ಅವಳು ಇಂಥವನ ಹೆಂಡತಿ, ಇಂಥವನ ಅವ್ವ, ಅಷ್ಟೇ. ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನೂ ಕಂಡಿರಲಿಲ್ಲ. “ನಿನ್ನೇ ಕಣವ್ವ” ಎಂದು ಮೊಣಕೈಯಿಂದ ತಿವಿದೆ.

ಅವ್ವ ಕೂತಲ್ಲಿಂದ ಏಳದೆ ಆ ಹುಡುಗಿಗೆ, “ಇನ್ನೊಂದ್ ಸಲ ಕೂಗು ಮಗ” ಎಂದಳು.