ನನ್ನ ಸೊಂಟದ ಬದಲು ಎರಡು ಟವೆಲ್

ನೋಡಿ ಗೆಳೆಯರೇ, ಇವತ್ತು ಕಾರವಾರದಲ್ಲಿ ನಮ್ಮ ತಂಡದ ಸಮಕಾಲೀನ ನೃತ್ಯದ ತಾಲೀಮಿತ್ತು. ವಿಷಯ, ಮೀನು ಮಾರುವ ಹೆಂಗಸರು. ನಾನು ಕೇಣಿ ಎಂಬ ಮೀನುಗಾರರ ಊರಿನವಳು. ಅಮ್ಮ ನನ್ನನ್ನು ಬೆಳೆಸಿದ್ದೇ ಮೀನು ಮಾರಿ.

ನಿರ್ದೇಶಕರು ನನ್ನನ್ನು ಮುಂದಿನ ಸಾಲಿನಿಂದ ತೆಗೆದರು. "ನೋಡಮ್ಮ, ನೀನು ದಪ್ಪ. ಸ್ಟೇಜ್ ಮೇಲೆ ಚೆಂದ ಕಾಣೋದಿಲ್ಲ." ನನ್ನ ಜಾಗಕ್ಕೆ ತೆಳ್ಳಗಿನ ಹುಡುಗಿಯೊಬ್ಬಳು ಬಂದಳು. ಅವಳು ಮೀನು ಮಾರುವವಳಂತೆ ಕಾಣುವುದಿಲ್ಲವೆಂದು ಅವರೇ ಅವಳ ಸೊಂಟಕ್ಕೆ ಎರಡು ಟವೆಲ್ ಸುತ್ತಿಸಿದರು!

ನೃತ್ಯಕ್ಕೆಂದು ತನ್ನ ಮೀನುಬುಟ್ಟಿ ಕೊಡಲು ಬಂದಿದ್ದ ಅಮ್ಮ ಅಲ್ಲೇ ಕೇಳಿದಳು: "ಬಟ್ಟೆ ಸುತ್ತಿ ದಪ್ಪ ಮಾಡೂದಾದ್ರೆ, ದಪ್ಪ ಇದ್ದ ನನ್ನ ಮಗಳು ಎಂತಕ್ಕೆ ಬೇಡ?"

ಅಮ್ಮ ಬುಟ್ಟಿ ಎತ್ತಿಕೊಂಡು ಹೊರಟಳು, ಹಿಂದೆ ನಾನೂ.

ಬುಟ್ಟಿಯನ್ನೂ ಇನ್ನು ಟವೆಲ್ಲಿನಲ್ಲೇ ಮಾಡಿಕೊಳ್ಳಲಿ.