ಒಂದು ಮನೆ ಬಿಟ್ಟು ಎಲ್ಲ ಮನೆಗೂ ಸೂಜಿಯಕ್ಕ

ಬೆಳಗಿನ ಐದೂ ಮುಕ್ಕಾಲು. ನಾಲ್ಕನೇ ಮಹಡಿಯ ಬಾಗಿಲು ತೆರೆದ ನಿವೃತ್ತ ಮೇಷ್ಟರು ಅಂಗಿಯ ತೋಳು ಮಡಚಿಕೊಂಡೇ ನಿಂತಿದ್ದಾರೆ. ರಕ್ತ ಕೊಟ್ಟು, ಬೇಗ ಕಾಫಿ ಕುಡಿಯುವ ಆತುರ ಅವರದು. ಸೂಜಿಯಕ್ಕ ಮಾತ್ರ ಸೂಜಿ ತೆಗೆಯುತ್ತಿಲ್ಲ. ಹೆಗಲ ಚೀಲವನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲು ಹತ್ತಿ ಬಂದ ಏದುಸಿರನ್ನು ಸುಧಾರಿಸಿಕೊಂಡು, “ಡಬ್ಬಿ ಎಲ್ಲ ತನ್ನಿ ಸಾರ್,” ಎನ್ನುತ್ತಾರೆ.

“ಯಾವ ಡಬ್ಬಿ? ನಾನು ತಗೊಳ್ಳೋದು ಥೈರಾಯ್ಡ್ ಮಾತ್ರೆ ಒಂದೇ.”

“ಅದು ಡಾಕ್ಟರು ಕೊಟ್ಟಿದ್ದು. ನಾನು ಕೇಳ್ತಿರೋದು ಉಳಿದಿದ್ದು. ಟಾನಿಕ್ಕು, ಪೌಡರು, ಮೀನೆಣ್ಣೆ ಗುಳಿಗೆ, ಬೇರಿನ ಪುಡಿ, ಟೀವಿ ನೋಡಿ ತರಿಸಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು.”

ಒಳಗಿನಿಂದ ಮೇಷ್ಟರ ಹೆಂಡತಿ ನಗುತ್ತಾರೆ. “ಫ್ರಿಜ್ಜಿನ ಮೇಲೆ ಒಂದು ಅಂಗಡೀನೇ ಇಟ್ಟಿದ್ದಾರಮ್ಮ. ತೋರಿಸ್ರೀ, ಯಾಕೆ ನಾಚ್ಕೋತೀರಿ?” ಒಂದೊಂದಾಗಿ ಏಳು ಡಬ್ಬಿಗಳು ಮೇಜಿಗೆ ಬರುತ್ತವೆ. ಕ್ಯಾಲ್ಸಿಯಂ ಡಬ್ಬಿಯನ್ನು ಎತ್ತಿಕೊಂಡ ಸೂಜಿಯಕ್ಕ, ಅದನ್ನು ಯಾವಾಗ ನುಂಗುತ್ತೀರಿ ಎಂದು ಕೇಳುತ್ತಾರೆ. ಮರೆತುಹೋಗಬಾರದಲ್ಲ, ಅದಕ್ಕೇ ಥೈರಾಯ್ಡ್ ಮಾತ್ರೆಯ ಜೊತೆ ಒಂದೇ ಗುಟುಕಿಗೆ ಎಂದು ಮೇಷ್ಟರು ಹೆಮ್ಮೆಯಿಂದಲೇ ಹೇಳುತ್ತಾರೆ.

“ಅಯ್ಯೋ ರಾಮ! ಈ ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೇನ ಮೈಗೆ ಹತ್ತೋಕೆ ಬಿಡಲ್ಲ ಸಾರ್. ನಡುವೆ ನಾಲ್ಕು ಗಂಟೆ ಬಿಡಿ. ಡಾಕ್ಟರ ಹತ್ತಿರಾನೂ ಇದನ್ನ ಹೇಳಿ, ನಾನು ಹೇಳಿದ್ದು ಅಂತ ಬೇಡ, ನೀವೇ ಕೇಳ್ದಂಗೆ ಕೇಳಿ.” ಆಮೇಲಷ್ಟೇ ತೋಳಿಗೆ ಪಟ್ಟಿ ಬೀಳುತ್ತದೆ. ರಕ್ತ ತೆಗೆಯಲು ಹಿಡಿದದ್ದು ನಲವತ್ತು ಸೆಕೆಂಡು. ಡಬ್ಬಿಗಳ ವಿಚಾರಣೆಗೆ ಹಿಡಿದದ್ದು ಒಂಬತ್ತು ನಿಮಿಷ. ಲೇಖನ ಬರೆಯಲೆಂದು ಅವರ ಜೊತೆ ಸುತ್ತುತ್ತಿರುವ ನಾನೇ ಗಡಿಯಾರ ನೋಡಿಕೊಂಡಿದ್ದೇನೆ.

ಸೂಜಿಯಕ್ಕನಿಗೆ ಈಗ ಐವತ್ತೆರಡು. ರಕ್ತಪರೀಕ್ಷಾ ಕೇಂದ್ರವೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸದಲ್ಲಿ ಇಪ್ಪತ್ತಮೂರು ವರ್ಷ ಕಳೆದಿದ್ದಾರೆ. ಬೆಳಗ್ಗೆ ಐದೂವರೆಯಿಂದ ಒಂಬತ್ತೂವರೆಯೊಳಗೆ ಹದಿನಾಲ್ಕು ಮನೆ. ಥೈರಾಯ್ಡ್, ಸಕ್ಕರೆ, ವಿಟಮಿನ್ ಡಿ, ಮುಟ್ಟು ಏರುಪೇರಾದವರ ಹಾರ್ಮೋನು, ಮಗುವಿಗಾಗಿ ಕಾದವರ ಹಾರ್ಮೋನು. ಉಳಿದವರು ಅಷ್ಟೇ ಹೊತ್ತಿನಲ್ಲಿ ಇಪ್ಪತ್ತೆರಡು ಮನೆ ಮುಗಿಸುತ್ತಾರೆ. “ರಕ್ತ ತಗೊಂಡ್ ಬಾ ಅಂದ್ರೆ ಜಾತಕ ಬರ್ಕೊಂಡ್ ಬರ್ತಾಳೆ,” ಎಂದು ಕೇಂದ್ರದ ಮೇಲ್ವಿಚಾರಕರು ಗೊಣಗುತ್ತಾರೆ. ಗೊಣಗಿದರೂ ಕೆಲಸ ಬಿಡಿಸಿಲ್ಲ, ಏಕೆಂದರೆ ಅರ್ಧಕ್ಕರ್ಧ ಜನ ಫೋನು ಮಾಡಿ ಆ ಬೈಯುವ ಅಕ್ಕನನ್ನೇ ಕಳಿಸಿ ಎನ್ನುತ್ತಾರಂತೆ.

ಈಕೆಗೆ ಡಬ್ಬಿಗಳ ಮೇಲೆ ದ್ವೇಷವಿದೆ ಎಂದುಕೊಂಡರೆ ತಪ್ಪು. ತಾನೂ ವಾರಕ್ಕೊಂದು ವಿಟಮಿನ್ ಡಿ ನುಂಗುತ್ತಾರೆ, ಸಂಜೆ ಒಂದು ಗಂಟೆ ಬಿರುಸಾಗಿ ನಡೆಯುತ್ತಾರೆ, ಹತ್ತಕ್ಕೆ ಸರಿಯಾಗಿ ಮಲಗುತ್ತಾರೆ. “ನಿದ್ದೆ, ನಡಿಗೆ, ಊಟ, ಮಾತ್ರೆ ಎಲ್ಲಾ ಒಂದೇ ಮೈಗೆ ತಾನೆ ಹೋಗೋದು? ಬೇಕಾದೋರು ಬೇಕಾದ್ದು ತಗೊಳ್ಳಲಿ. ಮುಚ್ಚಿಡೋದು ಬೇಡ, ಅಷ್ಟೆ.”

ಮೆಟ್ಟಿಲಿಳಿಯುವಾಗ ನನ್ನ ಜೇಬಿನಿಂದ ಪೆನ್ನಿನ ಜೊತೆ ಒಂದು ಗುಳಿಗೆಯ ಹಾಳೆ ಬೀಳುತ್ತದೆ. ಸೂಜಿಯಕ್ಕ ಅದನ್ನು ಎತ್ತಿ ಓದುತ್ತಾರೆ. ಬಯೋಟಿನ್. ಕೂದಲಿಗೆಂದು ಎಂಟು ತಿಂಗಳಿಂದ ಯಾರಿಗೂ ಹೇಳದೆ ನುಂಗುತ್ತಿದ್ದೇನೆ. ನನ್ನ ತಲೆಯನ್ನು ಒಮ್ಮೆ ನೋಡಿ, “ಇನ್ನೂ ಶುರು ಮಾಡಿಲ್ವಾ?” ಎನ್ನುತ್ತಾರೆ. ನಾನು ನಗುತ್ತೇನೆ. ಅವರು ನಗುವುದಿಲ್ಲ.

“ಇದನ್ನ ನುಂಗಿ ಥೈರಾಯ್ಡ್ ಟೆಸ್ಟ್ ಮಾತ್ರ ಮಾಡಿಸ್ಬೇಡಿ. ಕೆಲವು ಮೆಷಿನ್ನಿಗೆ ಇದು ಮಂಕುಬೂದಿ ಎರಚುತ್ತೆ. ಕಮ್ಮಿ ಇದ್ದದ್ದು ಜಾಸ್ತಿ ಅಂತ ಬರುತ್ತೆ. ಎರಡು ಮೂರು ದಿನ ಮೊದಲೇ ನಿಲ್ಲಿಸ್ಬೇಕು, ಡಾಕ್ಟರಿಗೆ ಹೇಳ್ಬೇಕು.” ಕೆಳಗೆ ಬಂದು ಸ್ಕೂಟರಿಗೆ ಕೀಲಿ ಹಾಕುತ್ತಾರೆ. “ನನ್ನ ತಂಗಿ ವಿಷಯದಲ್ಲಿ ಹಾಗೇ ಆಯ್ತು.”

ತಂಗಿ ಹನ್ನೆರಡು ವರ್ಷ ಚಿಕ್ಕವರು. ಅಮ್ಮ ತೀರಿಕೊಂಡಾಗ ಆಕೆಗೆ ಮೂರು ವರ್ಷ, ಅಕ್ಕನಿಗೆ ಹದಿನೈದು. ಅಪ್ಪ ರಾತ್ರಿ ಪಾಳಿಯ ಕಾವಲುಗಾರ. “ಅವಳ ಹಾಲುಹಲ್ಲು ಕಿತ್ತಿದ್ದು ನಾನು, ಜಡೆ ಹಾಕಿದ್ದು ನಾನು, ಮೊದಲ್ನೇ ಸಲ ಮುಟ್ಟಾದಾಗ ಹೆದರಬೇಡ ಕಣೇ ಅಂದಿದ್ದೂ ನಾನೇ. ಮದುವೆ ಆಗ್ಲಿಲ್ವಾ ಅಂತ ಜನ ಕೇಳ್ತಾರೆ. ಒಂದು ಹೆಣ್ಣು ಮಗು ಸಾಕಿ, ಮದುವೆ ಮಾಡಿ ಕಳಿಸಿದೀನಲ್ಲ, ಇನ್ನೇನು ಬೇಕು?” ಸೂಜಿಯಕ್ಕನ ಬಾಡಿಗೆ ಕೋಣೆಯಲ್ಲಿ ಈಗಲೂ ಎರಡು ಮಂಚಗಳಿವೆ. ಎರಡನೆಯದರ ಹೊದಿಕೆಯನ್ನು ಅವರು ಪ್ರತಿ ಭಾನುವಾರ ಒಗೆಯುತ್ತಾರೆ.

ಆರು ವರ್ಷದ ಹಿಂದಿನ ಮಾತು. ತಂಗಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಮಗುವಿಗಾಗಿ ಹಂಬಲಿಸುತ್ತಿದ್ದರು. ಕೂದಲು ಉದುರುತ್ತಿದೆಯೆಂದು ಬಯೋಟಿನ್ ಕೂಡ ನುಂಗುತ್ತಿದ್ದರು. ರಕ್ತ ತೆಗೆದದ್ದು ಅಕ್ಕ. ವರದಿಯಲ್ಲಿ ಥೈರಾಯ್ಡ್ ಹೆಚ್ಚಾಗಿದೆ ಎಂದು ಬಂದದ್ದರಿಂದ ಡಾಕ್ಟರು ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಮರುತಿಂಗಳೇ ಬಸುರು ನಿಂತಿತು, ಮೂರನೇ ತಿಂಗಳಲ್ಲಿ ಹೋಯಿತು. ಮಾತ್ರೆ ಇಳಿಸಿದ್ದೇ ಕಾರಣ ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಅದಾದ ವಾರಕ್ಕೆ ಕೇಂದ್ರದ ತರಬೇತಿಯಲ್ಲಿ ಬಯೋಟಿನ್ನಿನ ಕಿತಾಪತಿ ಸೂಜಿಯಕ್ಕನ ಕಿವಿಗೆ ಬಿತ್ತು. ಬಸುರು ಹೋದ ಮೇಲೆ ನೋಡಲು ಹೋದಾಗ ತಂಗಿಯ ಬಚ್ಚಲುಮನೆಯ ಗೂಡಿನಲ್ಲಿ ಕಂಡಿದ್ದ ಡಬ್ಬಿ ನೆನಪಾಯಿತು. ಹೇಳದೆ ಇರುವಂತಿರಲಿಲ್ಲ, ತಂಗಿ ಇನ್ನೂ ಅರ್ಧ ಮಾತ್ರೆಯಲ್ಲೇ ಇದ್ದರು, ಎದ್ದು ಕೂರಲೂ ಶಕ್ತಿಯಿರಲಿಲ್ಲ. ಓಡಿಹೋಗಿ ಮನೆಮಂದಿಯೆಲ್ಲರ ಎದುರು ಹೇಳಿದರು: ಆ ಗುಳಿಗೆ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ. ತಂಗಿಯ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: ದಿನಾ ಇದೇ ಕೆಲಸ ಮಾಡ್ತೀಯಲ್ಲ, ಏನೇನು ನುಂಗ್ತಿದ್ದೀಯ ಅಂತ ಮೊದಲೇ ಕೇಳೋಕೆ ನಿಂಗೇನಾಗಿತ್ತು?

“ಕೇಳೋದು ಮರೆತೆ ಅಂದೆ,” ಎನ್ನುತ್ತಾರೆ ಸೂಜಿಯಕ್ಕ. “ಇನ್ನು ಈ ಮನೆ ಹೊಸ್ತಿಲು ತುಳೀಬೇಡ ಅಂದ್ರು. ತಂಗಿ ಏನೂ ಅನ್ನಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ಲು. ಆವತ್ತಿಂದ ಮಾತಿಲ್ಲ. ಬೈದಿದ್ರೂ ಸಮಾಧಾನ ಆಗ್ತಿತ್ತು ನೋಡಿ.”

ಆ ಮನೆ ಇವರ ಸುತ್ತಿನ ದಾರಿಯಲ್ಲೇ ಇದೆ. ನಿಜ ಹೇಳಬೇಕೆಂದರೆ ದಾರಿಯಲ್ಲಿ ಇಲ್ಲ. ಐದನೇ ಮನೆಯಿಂದ ಆರನೇ ಮನೆಗೆ ನೇರ ರಸ್ತೆಯಿದ್ದರೂ ಸೂಜಿಯಕ್ಕ ಸ್ಕೂಟರನ್ನು ಸುತ್ತು ಬಳಸಿ ಓಡಿಸುತ್ತಾರೆ. ಹಿಂದೆ ಕುಳಿತ ನನಗೆ ಮೂಲೆಯಲ್ಲಿ ವೇಗ ತಗ್ಗುವುದು ಗೊತ್ತಾಗುತ್ತದೆ. ಬೂದು ಬಣ್ಣದ ಗೇಟು, ಒಣಹಾಕಿದ ಎರಡು ಟವೆಲ್ಲು, ಅಡುಗೆಮನೆಯ ಕಿಟಕಿಯಲ್ಲಿ ಬೆಳಕು. “ದೀಪ ಹತ್ತಿದೆ. ಎದ್ದಿದ್ದಾಳೆ,” ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ.

ಮೂರು ತಿಂಗಳಿಗೊಮ್ಮೆ ತಂಗಿಯ ರಕ್ತ ಇದೇ ಕೇಂದ್ರಕ್ಕೆ ಬರುತ್ತದೆ. ತೆಗೆಯುವವರು ಬೇರೆ. ಸೂಜಿಯಕ್ಕ ಬೇಡ ಎಂದು ಬುಕಿಂಗಿನಲ್ಲೇ ಬರೆದಿರುತ್ತದೆ. “ಹೋದ ಸಲ ಟ್ಯೂಬು ನನ್ನ ಕೈಗೇ ಬಂತು. ಚೀಟೀಲಿ ಅವಳ ಹೆಸರು. ಆಗಷ್ಟೇ ತೆಗೆದದ್ದು, ಇನ್ನೂ ಬೆಚ್ಚಗಿತ್ತು. ಹಾಗೇ ಮುಷ್ಟೀಲಿ ಹಿಡ್ಕೊಂಡು ನಿಂತ್ಬಿಟ್ಟೆ.” ವರದಿ ನೋಡಿದಿರಾ ಎಂದೆ. “ಛೆ! ಅದು ಕಳ್ಳತನ ಆಗುತ್ತೆ. ಹೇಗಿದ್ದಾಳೋ ಅಂತ ಜೀವ ಹೋಗ್ತಾ ಇತ್ತು, ಆದ್ರೂ ನೋಡಲಿಲ್ಲ.” ಹೇಳುತ್ತ ಹೇಳುತ್ತ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

ತಂಗಿ ಒಪ್ಪಿದರೆ ಮಾತ್ರ ಇದನ್ನೆಲ್ಲ ಬರೆಯಿರಿ ಎಂಬುದು ಅವರ ಷರತ್ತು. ಹಾಗಾಗಿ ಇಲ್ಲಿಯವರೆಗಿನ ಬರಹವನ್ನು ನಾನೇ ಒಯ್ದು ಬೂದು ಗೇಟು ತಟ್ಟಿದೆ. ಬಾಗಿಲಿಗೆ ಬಂದ ಹೆಂಗಸು ನಲವತ್ತರ ಆಸುಪಾಸು, ಅಕ್ಕನದೇ ಹುಬ್ಬು. ಹಾಳೆಗಳನ್ನು ತೆಗೆದುಕೊಂಡು, “ಓದ್ತೀನಿ,” ಎಂದು ಒಳಗೆ ಹೋದರು. ಐದನೇ ದಿನ ಲಕೋಟೆ ಬಂತು. ಒಂದೇ ಒಂದು ತಿದ್ದುಪಡಿ. “ಕೇಳೋದು ಮರೆತೆ” ಎಂಬಲ್ಲಿ ಗೆರೆ ಎಳೆದು, ಅಂಚಿನಲ್ಲಿ ಹೀಗೆ ಬರೆದಿದ್ದರು:

“ಅಕ್ಕ ಕೇಳಿದ್ದಳು. ಎರಡು ಸಲ ಕೇಳಿದ್ದಳು. ಏನೂ ನುಂಗುತ್ತಿಲ್ಲ ಎಂದದ್ದು ನಾನು. ಕೂದಲಿಗೆ ಅಂತ ಹೇಳಲು ನಾಚಿಕೆಯಾಗಿತ್ತು. ಎಲ್ಲರೆದುರು ಅವಳು ತಪ್ಪು ಹೊತ್ತುಕೊಂಡಾಗ ನಾನು ಬಾಯಿ ಬಿಡಲಿಲ್ಲ. ಆಮೇಲೆ ಅವಳಿಗೆ ಯಾವ ಮುಖ ತೋರಿಸಲಿ? ಮೊನ್ನೆ ಮನೆಯವರಿಗೆಲ್ಲ ಹೇಳಿದೆ. ಇದನ್ನು ಹಾಕುವುದಾದರೆ ಮಾತ್ರ ಲೇಖನ ಹಾಕಿ.”

ಹತ್ತು ಗಂಟೆಗೆ ಕೇಂದ್ರದ ಮೆಟ್ಟಿಲ ಮೇಲೆ ಕುಳಿತು ಸೂಜಿಯಕ್ಕ ಆ ಅಂಚನ್ನು ಓದುತ್ತಾರೆ. ಮತ್ತೊಮ್ಮೆ ಓದುತ್ತಾರೆ. ಕೇಳಿದ್ದು ನಿಜವೇ ಎನ್ನುತ್ತೇನೆ. “ಕೇಳದೆ ಇರ್ತೀನಾ? ಹಾಸಿಗೆ ಮೇಲೆ ಮಲಗಿದ್ಲು, ಮಗು ಕಳ್ಕೊಂಡು ವಾರ ಆಗಿತ್ತು, ಸುತ್ತ ಅತ್ತೆ ಮನೆಯವರು. ಆ ಹೊತ್ತಲ್ಲಿ ಅವಳ ಕಡೆ ಬೆರಳು ತೋರಿಸೋದಾ? ನನ್ನ ಬೆನ್ನು ಗಟ್ಟಿಯಿತ್ತು, ನಾನು ಹೊತ್ತೆ.”

ಹಾಳೆಯನ್ನು ಮಗುಚಿ ಹಿಂಬದಿಯನ್ನೂ ನೋಡುತ್ತಾರೆ. ಅಲ್ಲಿ ಏನೂ ಇಲ್ಲ.

“ಬಾ ಅಂತ ಏನಾದ್ರೂ ಹೇಳಿದ್ಲಾ?”

ಇಲ್ಲ ಎನ್ನುತ್ತೇನೆ. ಸೂಜಿಯಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

“ಕರೀತಾಳೆ ಬಿಡಿ. ಮುಂದಿನ ತಿಂಗಳು ಟೆಸ್ಟ್ ಇದೆ. ಅವಳದು ತುಂಬಾ ಸಣ್ಣ ನರ, ಉಳಿದೋರು ಎರಡೆರಡು ಕಡೆ ಚುಚ್ತಾರಂತೆ. ನಂಗಾದ್ರೆ ಕಣ್ಣು ಮುಚ್ಕೊಂಡಿದ್ರೂ ಒಂದೇ ಸಲಕ್ಕೆ ಸಿಗುತ್ತೆ.”